ಐಪಿಎಲ್ ತಂಡಗಳ ಸಾಧನೆಯ ಮುನ್ನಂದಾಜು

ಇಂಡಿಯನ್ ಪ್ರೀಮಿಯರ್ ಲೀಗ್ (ಐಪಿಎಲ್) ಕ್ರಿಕೆಟ್ ಪಂದ್ಯಾವಳಿಯ ಹೊಸ ಆವೃತ್ತಿ ಆರಂಭವಾಗುವ ಮೊದಲೇ, ಯಾವ ತಂಡ ಎಷ್ಟು ಪಂದ್ಯಗಳನ್ನು ಗೆಲ್ಲಬಹುದು, ಯಾವ ನಾಲ್ಕು ತಂಡಗಳು ಪ್ಲೇಆಫ್ ತಲುಪಬಹುದು, ಪ್ರಶಸ್ತಿ ಯಾರ ಪಾಲಾಗಬಹುದು ಎಂಬುದನ್ನು ಲೆಕ್ಕಹಾಕುವ ಪ್ರಯತ್ನಕ್ಕೆ ತಂಡಗಳ ಸಾಧನೆಯ ಮುನ್ನಂದಾಜು ಎನ್ನಬಹುದು. ಮಾಜಿ ಆಟಗಾರರು, ವೀಕ್ಷಕ ವಿವರಣೆಕಾರರು, ಪತ್ರಿಕೆಗಳು ಮತ್ತು ಸಂಖ್ಯಾಶಾಸ್ತ್ರಜ್ಞರು ಪ್ರತಿ ವರ್ಷ ಇಂತಹ ಅಂದಾಜುಗಳನ್ನು ಪ್ರಕಟಿಸುತ್ತಾರೆ. ಪಂದ್ಯಗಳ ಸಂಖ್ಯೆ ಕಡಿಮೆ ಇರುವುದು, ಹರಾಜಿನಿಂದ ತಂಡಗಳ ಸ್ವರೂಪವೇ ಬದಲಾಗುವುದು ಮತ್ತು ಇಪ್ಪತ್ತು ಓವರುಗಳ ಆಟದಲ್ಲಿ ಅದೃಷ್ಟದ ಪಾಲು ದೊಡ್ಡದಾಗಿರುವುದು ಇವುಗಳಿಂದಾಗಿ ಅವುಗಳಲ್ಲಿ ಹಲವು ಹುಸಿಯಾಗುತ್ತವೆ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ (ಆರ್‌ಸಿಬಿ) ಇತಿಹಾಸವು ಇದಕ್ಕೆ ಉತ್ತಮ ನಿದರ್ಶನ.

ಹಿನ್ನೆಲೆ

ವೃತ್ತಿಪರ ತಂಡಗಳ ಸಾಧನೆಯನ್ನು ಅಂಕಿಅಂಶಗಳಿಂದ ಮುಂಚಿತವಾಗಿ ಅಳೆಯುವ ವಿಧಾನಗಳು ಅಮೆರಿಕದ ಬೇಸ್‌ಬಾಲ್‌ನಲ್ಲಿ ವಿಶೇಷವಾಗಿ ಬೆಳೆದವು. ತಂಡವೊಂದು ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ಅದರ ನ್ಯಾಯವಾದ ಗೆಲುವಿನ ಪ್ರಮಾಣ ಸರಿಸುಮಾರಾಗಿ ದೊರೆಯುತ್ತದೆ ಎಂಬ ಸೂತ್ರವನ್ನು ಬಿಲ್ ಜೇಮ್ಸ್ ರೂಪಿಸಿದರು. ಆಟಗಾರರ ಹಿಂದಿನ ಸಾಧನೆ ಹಾಗೂ ವಯಸ್ಸನ್ನು ಹಿಂದಿನವರೊಡನೆ ಹೋಲಿಸಿ ಮುಂದಿನ ಸಾಧನೆಯನ್ನು ಅಂದಾಜಿಸುವ ‘ಪೆಕೋಟಾ’ ಎಂಬ ಪದ್ಧತಿಯನ್ನು ನೇಟ್ ಸಿಲ್ವರ್ 2003ರ ಸುಮಾರಿಗೆ ಅಭಿವೃದ್ಧಿಪಡಿಸಿದರು.

ಈ ವಿಧಾನಗಳನ್ನು ಐಪಿಎಲ್‌ಗೆ ನೇರವಾಗಿ ಅನ್ವಯಿಸುವುದು ಕಷ್ಟ. ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗ್‌ನಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯಗಳನ್ನು ಆಡಿದರೆ, ಐಪಿಎಲ್‌ನ ಬಹುತೇಕ ಆವೃತ್ತಿಗಳ ಲೀಗ್ ಹಂತದಲ್ಲಿ ಆಡುವುದು 14 ಮಾತ್ರ.

ಹದಿನಾಲ್ಕು ಪಂದ್ಯಗಳ ಗಣಿತ

ಉಳಿದವುಗಳಷ್ಟೇ ಬಲವುಳ್ಳ, ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಾಧ್ಯತೆ ಸರಿಯಾಗಿ ಅರ್ಧದಷ್ಟಿರುವ ತಂಡವೊಂದನ್ನು ಊಹಿಸಿಕೊಳ್ಳಬಹುದು. ಅದರ ಪಂದ್ಯಾವಳಿಯು 14 ಬಾರಿ ನಾಣ್ಯ ಚಿಮ್ಮಿದಂತೆ. ಅಂತಹ ತಂಡ 9 ಅಥವಾ ಹೆಚ್ಚು ಪಂದ್ಯಗಳನ್ನು ಗೆಲ್ಲುವ ಸಂಭವನೀಯತೆ ಸುಮಾರು ಶೇ. 21, 5 ಅಥವಾ ಕಡಿಮೆ ಗೆಲ್ಲುವ ಸಂಭವನೀಯತೆಯೂ ಅಷ್ಟೇ. ಎಂದರೆ ತೀರಾ ಸಾಧಾರಣ ತಂಡವೊಂದು ಐದರಲ್ಲಿ ಎರಡು ಸಲ ‘ಬಲಿಷ್ಠ’ ಅಥವಾ ‘ದುರ್ಬಲ’ ಎಂಬ ಹಣೆಪಟ್ಟಿಯೊಂದಿಗೆ ಪಂದ್ಯಾವಳಿಯನ್ನು ಮುಗಿಸುತ್ತದೆ. ಇದೇ ಪ್ರಮಾಣದ ಗೆಲುವನ್ನು 162 ಪಂದ್ಯಗಳಲ್ಲಿ ಸಾಧಿಸಲು 104 ಬಾರಿ ಗೆಲ್ಲಬೇಕು. ಸಮಬಲದ ತಂಡಕ್ಕೆ ಬರಿಯ ಅದೃಷ್ಟದಿಂದ ಅದು ಒಲಿಯುವ ಸಂಭವನೀಯತೆ ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ.

ನಿಜವಾಗಿಯೂ ಬಲಿಷ್ಠವಾದ ತಂಡಕ್ಕೂ ಇದೇ ತೊಡಕು. ಪ್ರತಿ ಪಂದ್ಯದಲ್ಲಿ ಗೆಲ್ಲುವ ಸಾಧ್ಯತೆ ಶೇ. 60 ಇರುವ ತಂಡವು 14ರಲ್ಲಿ 7 ಅಥವಾ ಅದಕ್ಕಿಂತ ಕಡಿಮೆ ಪಂದ್ಯಗಳನ್ನು ಗೆಲ್ಲುವ ಸಂಭವನೀಯತೆ ಸುಮಾರು ಶೇ. 31. ಆದ್ದರಿಂದ ತಂಡಗಳ ಬಲವನ್ನು ಕಿಂಚಿತ್ತೂ ತಪ್ಪಿಲ್ಲದೆ ಅಳೆದವರ ಅಂದಾಜೂ ಆಗಾಗ್ಗೆ ಹುಸಿಯಾಗಲೇಬೇಕು. ವಿಶ್ಲೇಷಕರನ್ನು ಗೇಲಿ ಮಾಡುವವರು ಸಾಮಾನ್ಯವಾಗಿ ಮರೆಯುವ ಅಂಶವಿದು. ವಿಶ್ಲೇಷಕರೂ ತಮ್ಮ ಅಂದಾಜನ್ನು ಸಂಭವನೀಯತೆಯ ರೂಪದಲ್ಲಿ ಹೇಳುವುದು ವಿರಳ. ‘ಈ ನಾಲ್ಕು ತಂಡಗಳು’ ಎಂದು ಹೇಳಿ ಮುಗಿಸುವುದೇ ರೂಢಿ.

ಪ್ಲೇಆಫ್ ಹಂತದಲ್ಲಿ ಸ್ಥಾನಕ್ಕೆ ಬೆಲೆಯಿದೆ. ಮೊದಲ ಎರಡು ಸ್ಥಾನಗಳಲ್ಲಿರುವ ತಂಡಗಳಿಗೆ ಮೊದಲ ಪಂದ್ಯ ಸೋತರೂ ಇನ್ನೊಂದು ಅವಕಾಶವಿರುತ್ತದೆ. ನಾಲ್ಕೂ ತಂಡಗಳು ಸಮಬಲದವು ಎಂದಿಟ್ಟುಕೊಂಡರೆ, ಮೊದಲೆರಡು ಸ್ಥಾನದ ತಂಡಗಳಿಗೆ ಪ್ರಶಸ್ತಿಯ ಸಾಧ್ಯತೆ ತಲಾ 8ರಲ್ಲಿ 3, ಉಳಿದೆರಡಕ್ಕೆ ತಲಾ 8ರಲ್ಲಿ 1. ಆದರೂ 2016ರಲ್ಲಿ ಮೂರನೆಯ ಸ್ಥಾನದಲ್ಲಿದ್ದ ಸನ್‌ರೈಸರ್ಸ್ ಹೈದರಾಬಾದ್ ಪ್ರಶಸ್ತಿ ಗೆದ್ದಿತು. ಚಿನ್ನಸ್ವಾಮಿ ಕ್ರೀಡಾಂಗಣದ ಆ ಅಂತಿಮ ಪಂದ್ಯದಲ್ಲಿ ಆರ್‌ಸಿಬಿ 8 ರನ್‌ಗಳಿಂದ ಸೋತಿತು. ಆ ಆವೃತ್ತಿಯಲ್ಲಿ ವಿರಾಟ್ ಕೊಹ್ಲಿ ಗಳಿಸಿದ್ದು 973 ರನ್.

ಹಿಂದಿನ ವರ್ಷದ ಅಂಕಪಟ್ಟಿ

ಕಳೆದ ವರ್ಷ ಚೆನ್ನಾಗಿ ಆಡಿದ ತಂಡ ಈ ವರ್ಷವೂ ಚೆನ್ನಾಗಿ ಆಡುತ್ತದೆ ಎಂಬುದು ಅತ್ಯಂತ ಸರಳವಾದ ಮುನ್ನಂದಾಜು. ಐಪಿಎಲ್‌ನಲ್ಲಿ ಇದು ಆರಂಭದಿಂದಲೇ ಕೈಕೊಟ್ಟಿದೆ. ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ 2008ರ ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ನಡೆದು, ಬ್ರೆಂಡನ್ ಮೆಕಲಮ್ ಅವರ ಅಜೇಯ 158 ರನ್‌ಗಳ ಬಲದಿಂದ ಕೋಲ್ಕತ್ತ ತಂಡವು ಆರ್‌ಸಿಬಿಯನ್ನು 140 ರನ್‌ಗಳಿಂದ ಮಣಿಸಿತು. ಆ ವರ್ಷ ಎಂಟು ತಂಡಗಳ ಪೈಕಿ ಆರ್‌ಸಿಬಿ ಏಳನೆಯದು, ಡೆಕ್ಕನ್ ಚಾರ್ಜರ್ಸ್ ಕೊನೆಯದು. ಯಾರೂ ಹೆಚ್ಚು ನಿರೀಕ್ಷೆ ಇಟ್ಟಿರದ, ಶೇನ್ ವಾರ್ನ್ ನಾಯಕತ್ವದ ರಾಜಸ್ಥಾನ್ ರಾಯಲ್ಸ್ ಪ್ರಶಸ್ತಿ ಗೆದ್ದಿತು. ಮರುವರ್ಷ ದಕ್ಷಿಣ ಆಫ್ರಿಕದಲ್ಲಿ ನಡೆದ ಆವೃತ್ತಿಯ ಅಂತಿಮ ಪಂದ್ಯದಲ್ಲಿ ಎದುರಾದವು ಹಿಂದಿನ ವರ್ಷದ ಅದೇ ಕೊನೆಯ ಎರಡು ತಂಡಗಳು. ಅನಿಲ್ ಕುಂಬ್ಳೆ ನಾಯಕತ್ವದ ಆರ್‌ಸಿಬಿಯನ್ನು ಡೆಕ್ಕನ್ ಚಾರ್ಜರ್ಸ್ 6 ರನ್‌ಗಳಿಂದ ಸೋಲಿಸಿತು.

ಹದಿನಾರು ವರ್ಷಗಳ ಬಳಿಕವೂ ಚಿತ್ರ ಬದಲಾಗಲಿಲ್ಲ. 2024ರಲ್ಲಿ ಪ್ಲೇಆಫ್ ತಲುಪಿದ್ದ ಕೋಲ್ಕತ್ತ, ಹೈದರಾಬಾದ್, ರಾಜಸ್ಥಾನ ಮತ್ತು ಬೆಂಗಳೂರು ತಂಡಗಳಲ್ಲಿ 2025ರಲ್ಲಿ ಮತ್ತೆ ಆ ಹಂತ ತಲುಪಿದ್ದು ಬೆಂಗಳೂರು ಮಾತ್ರ. ಉಳಿದ ಮೂರು ಸ್ಥಾನಗಳನ್ನು ಪಡೆದ ಗುಜರಾತ್, ಪಂಜಾಬ್ ಮತ್ತು ಮುಂಬೈ ತಂಡಗಳು 2024ರಲ್ಲಿ ಅನುಕ್ರಮವಾಗಿ 8, 9 ಮತ್ತು 10ನೆಯ ಸ್ಥಾನದಲ್ಲಿದ್ದವು. ಹಿಂದಿನ ವರ್ಷದ ಪಟ್ಟಿಯನ್ನು ತಲೆಕೆಳಗಾಗಿ ಹಿಡಿದವರಿಗೇ ಹೆಚ್ಚು ಸರಿಯುತ್ತರ ಸಿಗುತ್ತಿತ್ತು.

ಹರಾಜು ಮತ್ತು ಬೆಲೆ

ಕೆಲವು ವರ್ಷಗಳಿಗೊಮ್ಮೆ ನಡೆಯುವ ಮಹಾ ಹರಾಜಿನಲ್ಲಿ ಬಹುತೇಕ ಆಟಗಾರರು ತಂಡ ಬದಲಿಸುತ್ತಾರೆ. 2024ರ ನವೆಂಬರ್‌ನಲ್ಲಿ ಸೌದಿ ಅರೇಬಿಯದ ಜೆಡ್ಡಾದಲ್ಲಿ ನಡೆದ ಹರಾಜಿಗೆ ಮುನ್ನ ಆರ್‌ಸಿಬಿ ಉಳಿಸಿಕೊಂಡದ್ದು ಕೊಹ್ಲಿ, ರಜತ್ ಪಾಟಿದಾರ್ ಮತ್ತು ಯಶ್ ದಯಾಳ್ ಎಂಬ ಮೂವರನ್ನು ಮಾತ್ರ. ಹೀಗಿರುವಾಗ ‘ಕಳೆದ ವರ್ಷದ ಆರ್‌ಸಿಬಿ’ ಎಂಬ ಮಾತಿಗೆ ಹೆಸರು ಮತ್ತು ಅಂಗಿಯ ಬಣ್ಣವನ್ನು ಬಿಟ್ಟರೆ ಹೆಚ್ಚಿನ ಅರ್ಥವಿಲ್ಲ.

ಆಟಗಾರರಿಗೆ ತೆತ್ತ ಬೆಲೆಯೂ ನಂಬಲರ್ಹ ಅಳತೆಗೋಲಲ್ಲ. ಆ ಹರಾಜಿನಲ್ಲಿ 27 ಕೋಟಿ ರೂಪಾಯಿಗೆ ರಿಷಭ್ ಪಂತ್ ಅವರನ್ನು ಪಡೆದ ಲಖನೌ 7ನೆಯ ಸ್ಥಾನಕ್ಕೂ, 23.75 ಕೋಟಿಗೆ ವೆಂಕಟೇಶ್ ಅಯ್ಯರ್ ಅವರನ್ನು ಪಡೆದ ಕೋಲ್ಕತ್ತ 8ನೆಯ ಸ್ಥಾನಕ್ಕೂ ಸೀಮಿತವಾದವು. 26.75 ಕೋಟಿಗೆ ಶ್ರೇಯಸ್ ಅಯ್ಯರ್ ಅವರನ್ನು ಪಡೆದ ಪಂಜಾಬ್ ಮಾತ್ರ ಅಂತಿಮ ಪಂದ್ಯ ತಲುಪಿತು. 5.75 ಕೋಟಿಗೆ ಆರ್‌ಸಿಬಿ ಸೇರಿದ ಕೃಣಾಲ್ ಪಾಂಡ್ಯ ಆ ಅಂತಿಮ ಪಂದ್ಯದ ಶ್ರೇಷ್ಠ ಆಟಗಾರರಾದರು. ಇದಕ್ಕೂ ಹಳೆಯ ಉದಾಹರಣೆ ಕ್ರಿಸ್ ಗೇಲ್ ಅವರದು. 2011ರ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ. ಗಾಯಾಳು ಡರ್ಕ್ ನ್ಯಾನಸ್ ಬದಲಿಗೆ ನಡುವೆ ಆರ್‌ಸಿಬಿ ಸೇರಿದ ಅವರು 608 ರನ್‌ಗಳೊಂದಿಗೆ ಆ ವರ್ಷದ ಗರಿಷ್ಠ ರನ್ ಗಳಿಕೆದಾರರಾದರು. ವಯಸ್ಸಿನ ಲೆಕ್ಕವೂ ತಪ್ಪಿದ್ದುಂಟು: ಎರಡು ವರ್ಷಗಳ ನಿಷೇಧದ ಬಳಿಕ 2018ರಲ್ಲಿ ಮರಳಿದ ಚೆನ್ನೈ ತಂಡವು ಮೂವತ್ತು ದಾಟಿದವರಿಂದ ತುಂಬಿದೆಯೆಂದು ‘ಅಪ್ಪಂದಿರ ಪಡೆ’ ಎನಿಸಿಕೊಂಡು, ಆ ವರ್ಷದ ಪ್ರಶಸ್ತಿಯನ್ನೇ ಗೆದ್ದಿತು.

‘ಈ ಸಲ ಕಪ್ ನಮ್ದೇ’

ಆರ್‌ಸಿಬಿ ಅಭಿಮಾನಿಗಳ ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ಕನ್ನಡದ ಅತ್ಯಂತ ಪ್ರಸಿದ್ಧ ಕ್ರೀಡಾ ಮುನ್ನಂದಾಜು ಎನ್ನಲು ಅಡ್ಡಿಯಿಲ್ಲ. ತಂಡವು 2009, 2011 ಮತ್ತು 2016ರಲ್ಲಿ ಅಂತಿಮ ಪಂದ್ಯ ಸೋತಿತು. 2017ರಲ್ಲಿ ಕೋಲ್ಕತ್ತದಲ್ಲಿ 49 ರನ್‌ಗಳಿಗೆ ಆಲೌಟಾಗಿ ಕೊನೆಯ ಸ್ಥಾನ ಪಡೆಯಿತು. ವರ್ಷಗಳು ಉರುಳಿದಂತೆ ಈ ಘೋಷಣೆಯನ್ನು ಎದುರಾಳಿ ಅಭಿಮಾನಿಗಳು ಹಾಸ್ಯಕ್ಕೂ ಬಳಸತೊಡಗಿದರು. 2023ರ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಮೊದಲ ಐದೂ ಪಂದ್ಯಗಳನ್ನು ಸೋತಿದ್ದ ಆರ್‌ಸಿಬಿ ಮಹಿಳಾ ತಂಡವು 2024ರ ಮಾರ್ಚ್ 17ರಂದು ಡೆಲ್ಲಿಯನ್ನು ಸೋಲಿಸಿ ಫ್ರಾಂಚೈಸಿಗೆ ಮೊದಲ ಪ್ರಶಸ್ತಿ ತಂದಿತು. ನಾಯಕಿ ಸ್ಮೃತಿ ಮಂಧಾನ ಅಂದು ಘೋಷಣೆಯನ್ನು ‘ಈ ಸಲ ಕಪ್ ನಮ್ದು’ ಎಂದು ತಿದ್ದಿ ಹೇಳಿದರು.

ಅದೇ ವರ್ಷ ಪುರುಷರ ತಂಡ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು, ಬಳಿಕ ಸತತ ಆರು ಪಂದ್ಯಗಳನ್ನು ಗೆದ್ದು ನೆಟ್ ರನ್ ರೇಟ್ ಆಧಾರದಲ್ಲಿ ಚೆನ್ನೈಯನ್ನು ಹಿಂದಿಕ್ಕಿ ಪ್ಲೇಆಫ್ ತಲುಪಿತು. ಪಂದ್ಯಾವಳಿಯ ನಡುವೆ ಮಾಡಿದ ಅಂದಾಜೂ ಸುರಕ್ಷಿತವಲ್ಲ ಎಂಬುದಕ್ಕೆ ಇದು ಸಾಕ್ಷಿ. 2025ರಲ್ಲಿ ತಂಡವು ತವರಿನ ಹೊರಗಿನ ಏಳೂ ಲೀಗ್ ಪಂದ್ಯಗಳನ್ನು ಗೆದ್ದಿತು. ಮೇ ತಿಂಗಳಲ್ಲಿ ಭಾರತ–ಪಾಕಿಸ್ತಾನ ಸಂಘರ್ಷದಿಂದಾಗಿ ಪಂದ್ಯಾವಳಿ ಒಂದು ವಾರ ಸ್ಥಗಿತಗೊಂಡಿತು. ಮೇ 17ರಂದು ಬೆಂಗಳೂರಿನ ಪಂದ್ಯ ಮಳೆಗೆ ಆಹುತಿಯಾಗಿ ಹಾಲಿ ಚಾಂಪಿಯನ್ ಕೋಲ್ಕತ್ತ ಹೊರಬಿದ್ದಿತು. ಯಾವ ಲೆಕ್ಕಾಚಾರಕ್ಕೂ ನಿಲುಕದ ಸಂಗತಿಗಳಿವು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಆರ್‌ಸಿಬಿ ಮೊದಲ ಬಾರಿ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಉಂಟಾದ ಕಾಲ್ತುಳಿತದಲ್ಲಿ 11 ಮಂದಿ ಮೃತಪಟ್ಟರು. ಹದಿನೆಂಟನೆಯ ಆವೃತ್ತಿಯಲ್ಲಿ ನಿಜವಾದ ನಿರೀಕ್ಷೆಗೆ ಎಷ್ಟು ಜನ ಸೇರಬಹುದೆಂಬುದರ ಅಂದಾಜು ತಪ್ಪಿದ್ದೇ ಅತ್ಯಂತ ದುಬಾರಿಯಾಯಿತು.

ಬಾಜಿ ಮತ್ತು ಕಾನೂನು

ಮುನ್ನಂದಾಜು ಹರಟೆಯಾಗಿ ಉಳಿಯದೆ ಹಣದ ವ್ಯವಹಾರವಾಗುವುದು ಬೆಟ್ಟಿಂಗ್ ಮತ್ತು ಫ್ಯಾಂಟಸಿ ಆಟಗಳಲ್ಲಿ. ಮೇಲೆ ವಿವರಿಸಿದ ಅನಿಶ್ಚಿತತೆಯೇ ಇಲ್ಲಿ ಅಪಾಯದ ಮೂಲ: ಕೆಲವು ಬಾರಿ ಊಹೆ ನಿಜವಾದದ್ದು ಅದೃಷ್ಟವೋ ಕೌಶಲವೋ ಎಂದು ತಿಳಿಯಲು ಬೇಕಾದಷ್ಟು ಪಂದ್ಯಗಳೇ ಒಂದು ಆವೃತ್ತಿಯಲ್ಲಿ ಇರುವುದಿಲ್ಲ. ಕರ್ನಾಟಕ ಸರ್ಕಾರವು 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟಗಳನ್ನೂ ಒಳಗೊಂಡಿದ್ದ ಈ ತಿದ್ದುಪಡಿಯ ಮುಖ್ಯ ಭಾಗಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವಿಲ್ಲದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಇದರ ಬೆನ್ನಲ್ಲೇ ಡ್ರೀಮ್11 ಸೇರಿದಂತೆ ಪ್ರಮುಖ ಕಂಪನಿಗಳು ಶುಲ್ಕ ಪಡೆದು ನಡೆಸುತ್ತಿದ್ದ ಸ್ಪರ್ಧೆಗಳನ್ನು ನಿಲ್ಲಿಸಿದವು.