ಅಪಹರಣ ಎಂಬ ಪದದ ಅರ್ಥವ್ಯಾಪ್ತಿ

ವೈದ್ಯಶಾಸ್ತ್ರದ ವಿದ್ಯಾರ್ಥಿಗಳಾಗಿ ನಾವು ಮೊದಲು ಕಲಿತ ‘ಅಬ್ಡಕ್ಷನ್’ ಅತ್ಯಂತ ನಿರುಪದ್ರವಿ ಪದವಾಗಿತ್ತು. ತೋಳನ್ನು ದೇಹದ ಮಧ್ಯರೇಖೆಯಿಂದ ಪಕ್ಕಕ್ಕೆ ಎತ್ತುವ ಚಲನೆಗೆ ಅಂಗರಚನಾಶಾಸ್ತ್ರದಲ್ಲಿ ಆ ಹೆಸರು. ಲ್ಯಾಟಿನ್ನಿನ ‘ಅಬ್’ ಎಂದರೆ ಆಚೆಗೆ. ‘ಡೂಕೆರೆ’ ಎಂದರೆ ನಡೆಸಿಕೊಂಡು ಹೋಗು. ನಮ್ಮ ‘ಅಪಹರಣ’ದ ರಚನೆಯೂ ಹೀಗೆಯೇ: ‘ಅಪ’ ಎಂದರೆ ದೂರಕ್ಕೆ, ‘ಹೃ’ ಧಾತುವಿಗೆ ಒಯ್ಯು ಎಂಬರ್ಥ. ಆಹಾರ, ವಿಹಾರ, ಪರಿಹಾರಗಳೂ ಅದೇ ಧಾತುವಿನಿಂದ ಹುಟ್ಟಿದವು. ಉಪಸರ್ಗ ಬದಲಾದೊಡನೆ ಅರ್ಥವೂ ಬದಲಾಗುತ್ತದೆ.

ಕನ್ನಡ ನಾಡಿಗೆ ಈ ಕೃತ್ಯ ಹೊಸದಲ್ಲ. ವೀರಗಲ್ಲುಗಳ ಶಾಸನಗಳಲ್ಲಿ ತುರುಗೋಳ್, ಪೆಣ್ಬುಯ್ಯಲ್ ಎಂಬ ಪದಗಳು ದೊರೆಯುತ್ತವೆ. ಮೊದಲನೆಯದು ದನಗಳನ್ನು ಅಟ್ಟಿಕೊಂಡು ಹೋಗುವ ದಾಳಿ. ಎರಡನೆಯದು ದಾಳಿಗೆ ಸಿಕ್ಕಿದ ಹೆಣ್ಣುಮಕ್ಕಳ ಮೊರೆ. ಬಿಡಿಸಲು ಹೋಗಿ ಮಡಿದವನಿಗಾಗಿ ಊರು ಕಲ್ಲು ನಿಲ್ಲಿಸಿತು. ನಮ್ಮ ತಲೆಮಾರಿಗೆ ಈ ಪದ ಮನೆಮನೆಯ ಮಾತಾದದ್ದು 2000ನೇ ಇಸವಿಯ ಜುಲೈ 30ರಂದು, ವೀರಪ್ಪನ್ ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ಕಾಡಿಗೊಯ್ದಾಗ. ಅವರು ಮರಳಿದ್ದು 108 ದಿನಗಳ ಬಳಿಕ, ನವೆಂಬರ್ 15ರಂದು.

ನಮ್ಮ ಮಾನ್ಮತ್ ಜಂಕ್ಷನ್ನಿಗೆ ಸಮೀಪದ ಹೋಪ್‌ವೆಲ್ ಬಳಿ, 1932ರ ಮಾರ್ಚ್ 1ರ ರಾತ್ರಿ, ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ 20 ತಿಂಗಳ ಮಗು ತೊಟ್ಟಿಲಕೋಣೆಯಿಂದ ಕಾಣೆಯಾಯಿತು. ಮೇ 12ರಂದು ಶವ ದೊರೆಯಿತು. ಅದೇ ವರ್ಷ ಅಮೆರಿಕದ ಸಂಸತ್ತು ಅಪಹರಣ ಕಾಯಿದೆಯನ್ನು ಅಂಗೀಕರಿಸಿತು. 1934ರ ತಿದ್ದುಪಡಿಯು ತಮ್ಮ ಅಪ್ರಾಪ್ತ ಮಗುವನ್ನು ಒಯ್ಯುವ ತಂದೆತಾಯಿಯರನ್ನು ಅದರಿಂದ ಹೊರಗಿಟ್ಟಿತು. ಹೆತ್ತವರೇ ಅಪಹರಣಕಾರರಾದಾರು ಎಂಬ ಕಲ್ಪನೆ ಆಗ ಒಪ್ಪಿಗೆಯಾಗಿರಲಿಲ್ಲ.

1993ರ ಕಾಯಿದೆ ಆ ಎಣಿಕೆಯನ್ನು ಬದಲಿಸಿತು. ಇನ್ನೊಬ್ಬ ಪೋಷಕರ ನ್ಯಾಯಬದ್ಧ ಹಕ್ಕಿಗೆ ಅಡ್ಡಿಪಡಿಸುವ ಉದ್ದೇಶದಿಂದ, 16 ವರ್ಷದೊಳಗಿನ ಮಗುವನ್ನು ದೇಶದಾಚೆಗೆ ಒಯ್ಯುವುದೂ ಅಲ್ಲಿ ಇರಿಸಿಕೊಳ್ಳುವುದೂ ಈಗ ಅಪರಾಧ. ಗೃಹಹಿಂಸೆಯಿಂದ ಪಾರಾಗಲು ಹೊರಟವರಿಗೆ ಅದೇ ಕಾಯಿದೆಯಲ್ಲಿ ಪ್ರತಿವಾದದ ಅವಕಾಶವಿದೆ. ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲವಾದ್ದರಿಂದ, ಉಳಿದವರ ಕಾಯುವಿಕೆ ದೀರ್ಘವಾಗಬಹುದು.

ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋದ ಮಗು ಅಲ್ಲಿಯೇ ಉಳಿದಾಗ, ನಾವು ಅದನ್ನು ಅಪಹರಣವೆಂದು ಕರೆಯಲು ಹಿಂಜರಿಯುತ್ತೇವೆ. ಆದರೆ ಖಾಲಿ ಕೋಣೆಯ ಮುಂದೆ ನಿಂತ ತಂದೆಗೋ ತಾಯಿಗೋ ಬೇರೆ ಪದ ದೊರೆಯದು. ದಾಂಪತ್ಯ ಮುರಿಯುವ ಹಂತಕ್ಕೆ ಬಂದವರು ಟಿಕೆಟ್ ಕೊಳ್ಳುವ ಮೊದಲೇ ವಕೀಲರನ್ನು ಕಾಣಲಿ ಎಂಬುದು ನಮ್ಮ ವಿನಂತಿ.