ಸಹಾಯಕ ಸವಾರ (ರಸ್ತೆ ಸೈಕಲ್ ರೇಸ್)

ತಾನು ಗೆಲ್ಲುವುದಕ್ಕಲ್ಲ, ತಂಡದ ನಾಯಕನನ್ನು ಗೆಲ್ಲಿಸುವುದಕ್ಕೆ ಸಂಬಳ ಪಡೆಯುವ ಸೈಕಲ್ ಪಟುವೇ ಸಹಾಯಕ ಸವಾರ. ಈ ವೃತ್ತಿ ಹುಟ್ಟಿದ್ದು ಗಾಳಿಯಿಂದ. ಮುಂದಿನವನ ಚಕ್ರಕ್ಕೆ ಒತ್ತಿಕೊಂಡು ಹೋಗುವವನಿಗೆ ಅದೇ ವೇಗದಲ್ಲಿ ಕಾಲು ಭಾಗಕ್ಕೂ ಹೆಚ್ಚು ಶ್ರಮ ಉಳಿಯುತ್ತದೆ; ಆ ಮುಂದಿನ ಜಾಗ ಸಹಾಯಕನದು. ನಡುನಡುವೆ ಅವನು ತಂಡದ ಕಾರಿನವರೆಗೆ ಹಿಂದೆ ಸರಿದು, ನೀರಿನ ಬಾಟಲಿಗಳನ್ನು ಬೆನ್ನಿನ ಜೇಬುಗಳಲ್ಲೂ ಅಂಗಿಯೊಳಗೂ ತುರುಕಿಕೊಂಡು, ಆ ಭಾರ ಹೊತ್ತು ಮತ್ತೆ ಗುಂಪನ್ನು ಹಿಡಿಯಬೇಕು.

1903ರಲ್ಲಿ ಹಲವು ಹಂತಗಳ ಟೂರ್ ಡಿ ಫ್ರಾನ್ಸ್ ರೇಸನ್ನು ಆರಂಭಿಸಿದ ಆನ್ರಿ ದೆಗ್ರಾಂಜ್‌ಗೆ ಇಂಥ ನೆರವು ಸೇರುತ್ತಿರಲಿಲ್ಲ. ರೇಸು ಒಂಟಿ ಸವಾರನ ಕಸುವಿನ ಪರೀಕ್ಷೆಯಾಗಬೇಕೆಂಬುದು ಅವನ ಹಟ. 1911ರಲ್ಲಿ ಮೊರಿಸ್ ಬ್ರೊಕೊ ಮತ್ತೊಬ್ಬ ಸವಾರ ಫ್ರಾನ್ಸ್ವಾ ಫಾಬೆರ್‌ಗೆ ನೆರವಾದಾಗ ದೆಗ್ರಾಂಜ್ ಅವನನ್ನು 'ಡೊಮೆಸ್ಟಿಕ್', ಅಂದರೆ ಮನೆಯಾಳು ಎಂದು ಜರೆದ. ಬ್ರೊಕೊ ಮುಂದಿನ ಹಂತವನ್ನೇ ಗೆದ್ದು ತೋರಿಸಿದ. ಆದರೂ ದೆಗ್ರಾಂಜ್ ಅವನನ್ನು ರೇಸಿನಿಂದ ಹೊರಹಾಕಿದ. ಬೈಗುಳ ಮಾತ್ರ ಹುದ್ದೆಯ ಹೆಸರಾಗಿ ಉಳಿಯಿತು.

1930ರಲ್ಲಿ ರಾಷ್ಟ್ರೀಯ ತಂಡಗಳು ಬಂದ ಮೇಲೆ ನೆರವು ರೇಸಿನ ಭಾಗವೇ ಆಯಿತು. 1934ರಲ್ಲಿ ಇಪ್ಪತ್ತರ ಹರೆಯದ ರೆನೆ ವಿಯೆತ್ತೊ ನಾಯಕ ಆಂತೊನಾ ಮಾನ್ಯ್‌ಗೆ ತನ್ನ ಚಕ್ರ ಬಿಚ್ಚಿಕೊಟ್ಟು ದಾರಿಬದಿಯ ಗೋಡೆಯ ಮೇಲೆ ಕುಳಿತು ಅತ್ತ. ಮರುದಿನ ಬೆಟ್ಟವೊಂದರಲ್ಲಿ ಬಂದ ದಾರಿಯಲ್ಲೇ ಹಿಂದಕ್ಕೆ ಹತ್ತಿ ಸೈಕಲ್ಲನ್ನೇ ಕೊಟ್ಟ. ಮಾನ್ಯ್ ಟೂರ್ ಗೆದ್ದ, ವಿಯೆತ್ತೊಗೆ ಸಿಕ್ಕಿದ್ದು ಐದನೇ ಸ್ಥಾನ. 1952ರಲ್ಲಿ ಇಟಲಿಯ ಫೌಸ್ಟೊ ಕೊಪ್ಪಿಯ ಸಹಾಯಕ ಆಂದ್ರೆಯಾ ಕರ್ರೆಯಾನದು ಇದಕ್ಕಿಂತ ವಿಚಿತ್ರ ಪೇಚು. ಲೊಸಾನ್ ಹಂತದಲ್ಲಿ ಮುಂದೆ ಓಡಿದ ಗುಂಪಿನೊಡನೆ ಹೋಗಿ, ತನಗೇ ಗೊತ್ತಿಲ್ಲದಂತೆ ಒಟ್ಟಾರೆ ಮುನ್ನಡೆಯ ಹಳದಿ ಅಂಗಿಗೆ ಹಕ್ಕುದಾರನಾದ. ಒಡೆಯ ಮುನಿದಾನೆಂದು ಅಳುತ್ತ ಕ್ಷಮೆ ಕೇಳಿದ. ಮರುದಿನ ಆಲ್ಪ್ ದ್ಯುಯೆಜ್ ಬೆಟ್ಟದಲ್ಲಿ ಕೊಪ್ಪಿ ಗೆದ್ದು ಅಂಗಿಯನ್ನು ತನ್ನದಾಗಿಸಿಕೊಂಡ.

1962ರಲ್ಲಿ ಟೂರ್‌ಗೆ ಕಂಪನಿ ತಂಡಗಳು ಮರಳಿದವು. ನಾಯಕ ಗೆದ್ದ ಬಹುಮಾನದ ಹಣವನ್ನು ತಂಡದವರಿಗೆ ಹಂಚುವುದು ರೂಢಿ. ಬ್ರಿಟನ್ನಿನ ಚಾರ್ಲಿ ವೆಗೇಲಿಯಸ್ ದಶಕಕ್ಕೂ ಮಿಕ್ಕಿ ಸಹಾಯಕರಾಗಿ ದುಡಿದು, ವೃತ್ತಿಪರರಾಗಿ ಒಂದು ರೇಸನ್ನೂ ಗೆಲ್ಲದೆ 2011ರಲ್ಲಿ ನಿವೃತ್ತರಾದರು. ಫಲಿತಾಂಶ ಪಟ್ಟಿಯನ್ನಷ್ಟೇ ನೋಡುವವರಿಗೆ ಇಂಥವರ ಬೆಲೆ ತಿಳಿಯುವುದಿಲ್ಲ. ಒಪ್ಪಂದ ನವೀಕರಿಸುವ ತಂಡದ ಮಾಲೀಕರಿಗೆ ತಿಳಿದಿರುತ್ತದೆ.

ಕರ್ನಾಟಕದಲ್ಲಿ ಸೈಕ್ಲಿಂಗಿನ ನೆಲೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು. ಅಲ್ಲಿಯ ಸವಾರರಿಗೆ ಸಂಬಳ ಕೊಡುವ ವೃತ್ತಿಪರ ತಂಡಗಳಿಲ್ಲ. ಕ್ರೀಡಾ ಕೋಟಾದಲ್ಲಿ ರೈಲ್ವೆಯಂಥ ಕಡೆ ನೌಕರಿ ಹಿಡಿಯಬೇಕಾದರೆ ತನ್ನ ಹೆಸರಿಗೇ ಪದಕ ಬೇಕು. ಹೀಗಾಗಿ ಇನ್ನೊಬ್ಬನಿಗಾಗಿ ಪೆಡಲ್ ತುಳಿಯುವುದು ಇಲ್ಲಿ ಜೀವನೋಪಾಯವಾಗಿ ಬೆಳೆದಿಲ್ಲ. ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಸಮಯದ ವಿರುದ್ಧ ಓಡುವ ಸ್ಪರ್ಧೆ) ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಬೆಂಗಳೂರಿನ ನವೀನ್ ಜಾನ್ ತಂಡದ ರೇಸಿನ ಪಟ್ಟು ಕಲಿಯಲು ಬೆಲ್ಜಿಯಂ, ಆಸ್ಟ್ರೇಲಿಯಾಗಳಿಗೆ ಹೋಗಬೇಕಾಯಿತು.