ಬಲೂನು ಒತ್ತಿದ ಜಾಗ
ಐಸಿಯು ನರ್ಸ್ ಆದ ನಾನು ಪ್ರತಿ ಪಾಳಿಯಲ್ಲೂ ರೋಗಿಯ ಶ್ವಾಸನಾಳಕ್ಕೆ ಇಳಿಸಿದ ಉಸಿರುಕೊಳವೆಯ ಸುತ್ತಲಿನ ಬಲೂನಿನ ಒತ್ತಡ ಅಳೆಯುತ್ತೇನೆ, 30 ಸೆಂ.ಮೀ. ನೀರಿನ ಒತ್ತಡ ದಾಟಬಾರದು. ಈ ನಿಯಮದ ಹಿಂದೆ ಎಷ್ಟೋ ಜನರ ನರಳಾಟವಿದೆ.

1952ರ ಕೋಪನ್‌ಹೇಗನ್ ಪೋಲಿಯೊ ಪಿಡುಗಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಕತ್ತಿನ ಕೊಳವೆಗೆ ಕೈಯಿಂದಲೇ ಗಾಳಿ ಒತ್ತಿ ಜೀವ ಉಳಿಸಿದರು. ಆಮೇಲೆ ವೆಂಟಿಲೇಟರ್ ಬಳಕೆ ಹಬ್ಬಿತು. ಗುಣವಾಗಿ ಮನೆಗೆ ಹೋದ ಕೆಲವರು ವಾರಗಳ ನಂತರ ಏದುಸಿರು ಬಿಡುತ್ತಾ ಮರಳಿದರು. ಅದನ್ನು ಆಸ್ತಮಾ ಎಂದುಕೊಳ್ಳುವುದು ಇಂದಿಗೂ ಉಂಟು, ಅದೇ ನನ್ನ ಸಂಕಟ.

1969ರಲ್ಲಿ ಬಾಸ್ಟನ್‌ನ ಶಸ್ತ್ರವೈದ್ಯರಾದ ಕೂಪರ್ ಮತ್ತು ಗ್ರಿಲ್ಲೊ ಈ ಏದುಸಿರಿನ ಕಾರಣ ತೋರಿಸಿದರು: ಬಿಗಿಯಾಗಿ ಊದಿದ ಬಲೂನು ಶ್ವಾಸನಾಳದ ಒಳಪೊರೆಗೆ ರಕ್ತ ಹರಿಯಗೊಡದು, ಹುಣ್ಣು ಮಾಯುವಾಗ ಗಾಯದ ಕಲೆ ಬಿಗಿದು ದಾರಿ ಕಿರಿದಾಗುತ್ತದೆ. ಹೀಗೆ ಕಿರಿದಾದ ಭಾಗವನ್ನು ತೆಗೆಯುವಾಗ ಎರಡು ಸೆಂ.ಮೀ.ಗಿಂತ ಹೆಚ್ಚು ನಾಳ ಕತ್ತರಿಸಿ ಜೋಡಿಸಲಾಗದೆಂಬ ಹಳೆಯ ನಂಬಿಕೆಯನ್ನೂ ಗ್ರಿಲ್ಲೊ ಮುರಿದರು. ಹೊಲಿಗೆ ಎಳೆಯದಂತೆ ರೋಗಿಯ ಗದ್ದವನ್ನೇ ಎದೆಗೆ ಹೊಲಿದು, ಕೆಲವು ದಿನ ತಲೆ ಬಗ್ಗಿಸಿಯೇ ಇರಿಸುತ್ತಿದ್ದರು.